ಪೂಜೆಗಿಟ್ಟ ಕೊಕ್ಕೆ

"ಹಿಡೀರಿ ಅವನ್ನ! ಬಿಡಬ್ಯಾಡ್ರಿ!"

ಗಬ್ಬೂರಿನ ಇಡೀ ಓಣಿ ನನ್ನ ಬೆನ್ನು ಹತ್ತಿತ್ತು. ಒಂದು ಕಲ್ಲು ಕಿವಿ ಸವರಿ ಹೋಯಿತು. ನನ್ನ ಕೈಯಲ್ಲಿ ಹಮಾಲ ಬೀರಪ್ಪನ ಕೊಕ್ಕೆ... ಹತ್ತಿ ಮೂಟೆ ಎಳೆಯುವ ಗೇಣುದ್ದದ ಕಬ್ಬಿಣ, ಚೂಪು ತುದಿ.

ಬೈಕ್ ಹತ್ತಿದೆ. ಕಿಕ್ ಹೊಡೆದೆ. ಬದುಕಿದೆ!

ವಕೀಲರೇ, ನಾನು ಹನಮೇಶ. ದೊಡ್ಡವರು ಮಾಡಿದ ಹೊಲಸು ತೊಳೆಯುವುದು ನನ್ನ ಬಿಸಿನೆಸ್. ನಾಚಿಕೆಯೇನಿಲ್ಲ.

ಅವತ್ತು ಖಂಡೇನವಮಿ, ಆಯುಧಪೂಜೆಯ ದಿನ. ಗುರುಪಾದ ಸಾಹುಕಾರ ತನ್ನ ಗೋದಾಮಿನಲ್ಲಿ ಬೀರಪ್ಪನಿಗೆ ಲಾರಿ ತುಂಬು ಅಂದ. ಬೀರಪ್ಪ ಒಪ್ಪಲಿಲ್ಲ.

"ಕೊಕ್ಕಿ ಮನ್ಯಾಗ ಪೂಜಾಕ್ಕ ಇಟ್ಟೇನ್ರಿ. ನಾಳಿತನಕ ಮುಟ್ಟಂಗಿಲ್ರಿ."

ಎದುರು ಮಾತು! ಸಾಹುಕಾರ ಲೈಸೆನ್ಸ್ ಪಿಸ್ತೂಲು ತೆಗೆದ. ಒಂದೇ ಗುಂಡು.

ನನಗೆ ಫೋನ್ ಬಂತು. ನಾನು ಹೋದಾಗ ಇನ್‌ಸ್ಪೆಕ್ಟರ್ ಮಿಲಿಂದ ಹೆಣದ ಪಕ್ಕ ನಿಂತು ಚಹಾ ಕುಡಿಯುತ್ತಿದ್ದ.

"ಜೀವ ಉಳಿಸ್ಕೊಳ್ಳಾಕ ಹೊಡದ್ರು ಅಂತ ಬರೀಬೇಕಂದ್ರ, ಎದುರಿಗಿದ್ದವ ಆರ್ಮ್ಡ್ ಇರಬೇಕು," ಅಂದ.

"ಸಿಟ್ಟಿನ್ಯಾಗಿದ್ದನಲ್ರಿ?"

"ಸಿಟ್ಟು ನಡಿಯಂಗಿಲ್ಲ. ಕೈಯಾಗ ಏನರ ಬೇಕು."

"ಅವನ ಕೊಕ್ಕಿ?"

"ಗ್ವಾಡಿಗೆ ನೇತು ಹಾಕಿದ್ರ ಅದು ಸಾಮಾನು. ಮನಷಾನ ಮ್ಯಾಲೆ ಎತ್ತಿದ್ರ ಆರ್ಮ್ಡ್. ತಗೊಂಡು ಬಾ, ಲಗೂ!"

ಬೀರಪ್ಪನ ಮನೆಗೆ ಹೋದೆ. ಅವನ ಹೆಂಡತಿ ಸಾವಕ್ಕನಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

"ಕುಂಡ್ರಿ ಅಣ್ಣಾರ. ಅವರು ಈಗ ಬರ್ತಾರ. ಹೋಳಿಗಿ ತಿನ್ರಿ."

ತಿಂದೆ! ತುಪ್ಪ ಹಾಕಿಸಿಕೊಂಡು ತಿಂದೆ. ಆಕೆ ನೀರು ತರಲು ಒಳಗೆ ಹೋದಾಗ ದೇವರ ಜಗಲಿಯಿಂದ ಕೊಕ್ಕೆ ಎಳೆದುಕೊಂಡೆ. ದೀಪ ಉರುಳಿತು. ಆಕೆ ಚೀರಿದಳು. ಓಣಿ ಎದ್ದಿತು.

ಗೋದಾಮಿನಲ್ಲಿ ಮಿಲಿಂದ ಕೊಕ್ಕೆ ನೋಡಿ ಹಣೆ ಚಚ್ಚಿಕೊಂಡ.

"ಕುಂಕುಮ, ಇಬತ್ತಿ, ಹೂವು! ಪೂಜಾಕ್ಕಿಟ್ಟಿದ್ದನ್ನ ಅವ ಎತ್ಯಾನಂದ್ರ ಈ ಊರಾಗ ಯಾರ ನಂಬ್ತಾರಲೇ?"

"ಒರಸಿದ್ರಾತು."

"ನಿನ್ನ ಯಾರರ ನೋಡ್ಯಾರೇನು?"

"ಎಲ್ಲಾರೂ ನೋಡ್ಯಾರ್ರಿ..."

ಅಲ್ಲೇ ಕೂತಿದ್ದ ಸಾಹುಕಾರ ಮೊದಲ ಸಲ ನಕ್ಕ.

"ಹಂಗಾರ ಛಲೋನ ಆತಲ್ಲ! ಕೊಕ್ಕಿ ಎತ್ತಿ ನನ್ನ ಮ್ಯಾಲೆ ಬಂದವ ಹನಮೇಶ. ನಾ ಇವಗ ಹೊಡದೆ. ಪಾಪ, ಬೀರಪ್ಪ ಅಡ್ಡ ಬಂದ."

ಬಾಗಿಲಿಗೆ ಹಾರಿದೆ. ಮಿಲಿಂದನ ಪಿಸ್ತೂಲು ಬೆನ್ನಿಗೆ ಒತ್ತಿತು.

"ಓಡು," ಅಂದ ಮಿಲಿಂದ. "ಓಡಿದ್ರ ಕೇಸ್ ಇನ್ನೂ ಗಟ್ಟಿ ಆಕ್ಕೈತಿ."

ನಿನ್ನೆ ಕೋರ್ಟಿನಲ್ಲಿ ಸಾವಕ್ಕ ನನ್ನತ್ತ ಬೆರಳು ಮಾಡಿದಳು.

"ಇವನ ರೀ! ನನ್ನ ಮನಿ ಹೋಳಿಗಿ ತಿಂದು, ಕೊಕ್ಕಿ ಹಿಡಕೊಂಡು ಓಡಿದವ ಇವನ!"

ಇಡೀ ಕೇಸಿನಲ್ಲಿ ನಿಜ ಹೇಳಿದವಳು ಅವಳೊಬ್ಬಳೇ ವಕೀಲರೇ... ಮೊದಲು ಅವಳನ್ನು ಸುಳ್ಳಿ ಅಂತ ಸಾಬೀತು ಮಾಡಿ!