ಗೋಕಾಕಿನ ತೊಂಬತ್ತು ಓದುಗರು

"'ಟ್ರ್ಯಾಕ್ಟರ್ ಸತ್ತೆವ್ವ' ಐತೇನ್ರಿ?"

ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದ ಅಂಗಡಿಯವನು ತಲೆ ಎತ್ತಲಿಲ್ಲ. "ಇಲ್ಲರಿ. ಈ ತಿಂಗಳದ್ದು ಖಾಲಿ ಆಗೇತಿ."

ಖಾಲಿ! ಗೋಕಾಕ ಬಸ್ ನಿಲ್ದಾಣದ ಎದುರಿನ ಆ ಪುಟ್ಟ ಅಂಗಡಿಯ ಮುಂದೆಯೇ ಕುಣಿದುಬಿಡಬೇಕು ಅನ್ನಿಸಿತು ಆಮ್ರಪಾಲಿಗೆ. ನಾಲ್ಕು ವರ್ಷದಿಂದ ಕಾಮಿಕ್ಸ್ ಬರೆಯುತ್ತಿದ್ದಳು. ಈ ಮಾತನ್ನು ಯಾವ ಊರಿನ ಯಾವ ಅಂಗಡಿಯಲ್ಲೂ ಕೇಳಿರಲಿಲ್ಲ.

"ಒಂದೂ ಉಳಿದಿಲ್ಲೇನ್ರಿ?"

"ಒಂದ ಐತಿ. ಅದು ನಂದು. ಕೊಡೂದಿಲ್ಲ."

"ಇಲ್ಲೇ ನೋಡಿ ಕೊಟ್ಟ ಹೋಗತೇನಿ."

ಈಗ ಅವನು ತಲೆಯೆತ್ತಿದ. ಮೂವತ್ತರ ಆಸುಪಾಸು, ಎರಡು ದಿನದ ಗಡ್ಡ, ನಿದ್ದೆಗೆಟ್ಟಂತಿದ್ದರೂ ಒಳಗೊಳಗೇ ನಗುವ ಕಣ್ಣು. ಆ ಕಣ್ಣು ಆಕೆಯ ಮುಖದಿಂದ ಬೆರಳುಗಳಿಗೆ ಇಳಿದು ಅಲ್ಲೇ ನಿಂತಿತು.

"ಕೈಗೆ ಮಸಿ ಹತ್ತೇತಲ್ರಿ. ಮೊದಲ ತೊಳಕೊಂಡು ಬರ್ರಿ. ನನ್ನ ಪುಸ್ತಕ ಹೊಲಸಾಗಬಾರದು."

"ಅದ ಮಸೀಲೆ ಆ ಪುಸ್ತಕ ಆಗೇತ್ರಿ," ಎಂದಳು. "ನಾನು ಆಮ್ರಪಾಲಿ. ಹುಕ್ಕೇರಿಯಿಂದ ಬಂದೇನಿ."

ಅವನ ಮುಖದಲ್ಲಿ ಮೊದಲು ಬೆಳಕು ಬಂತು. ಮರುಕ್ಷಣ ಬಣ್ಣವೇ ಇಳಿದುಹೋಯಿತು. ಸಂಕೋಚದ ಮನುಷ್ಯ ಎಂದುಕೊಂಡಳು ಆಮ್ರಪಾಲಿ.

ಅವನ ಹೆಸರು ಸೋಮಶೇಖರ. ಅಪ್ಪ ನಡೆಸುತ್ತಿದ್ದ ಪೇಪರ್ ಏಜೆನ್ಸಿಯನ್ನು ಈಗ ಅವನು ನೋಡಿಕೊಳ್ಳುತ್ತಿದ್ದ.

ಆಮ್ರಪಾಲಿ ಬಂದದ್ದಕ್ಕೆ ಕಾರಣವಿತ್ತು. ಆಕೆಯ ಕಾಮಿಕ್ಸ್ ತರುತ್ತಿದ್ದ ಬೆಳಗಾವಿಯ ಪ್ರಕಾಶನ ಒಂದೇ ವರ್ಷದಲ್ಲಿ ಮೂರು ಕಾಮಿಕ್ಸ್ ನಿಲ್ಲಿಸಿತ್ತು. ಮಕ್ಕಳ ಕೈಗೆ ಮೊಬೈಲ್ ಬಂದಿತ್ತು. ಅಂಗಡಿಗಳು ಕಾಮಿಕ್ಸ್ ಇಡುವುದನ್ನೇ ಬಿಡುತ್ತಿದ್ದವು. ಇನ್ನು ಟ್ರ್ಯಾಕ್ಟರ್ ಓಡಿಸುತ್ತ, ಊರೂರು ಸುತ್ತಿ ಕಳ್ಳರನ್ನು ಹಿಡಿಯುವ ಮುದುಕಿ ಸತ್ತೆವ್ವನ ಸರದಿ. ಆದರೆ ಸಂಪಾದಕ ಉದ್ದಪ್ಪನವರಿಗೆ ಒಂದು ಆಸೆ ಉಳಿದಿತ್ತು. ಎಲ್ಲಾ ಊರಿಂದ ಮಾರಾಟವಾಗದ ಪ್ರತಿಗಳು ಮರಳಿ ಬರುತ್ತಿದ್ದವು. ಗೋಕಾಕಿಗೆ ತಿಂಗಳಿಗೆ ತೊಂಬತ್ತು ಪ್ರತಿ ಹೋದರೂ ಅಲ್ಲಿಂದ ಮಾತ್ರ ಒಂದೂ ಮರಳುತ್ತಿರಲಿಲ್ಲ. "ಆ ಹುಡುಗ ಏನ ಮಾಡತಾನ ನೋಡಿಕೊಂಡು ಬಾ," ಎಂದಿದ್ದರು. "ಹಂಗ ಎಲ್ಲಾ ಕಡೆ ಮಾಡೂಣು. ಸೋಮವಾರ ಮಾಲೀಕರ ಮುಂದ ನಾ ಅದನ್ನ ಹೇಳಬೇಕು. ಇಲ್ಲಂದ್ರ ಇದೂ ಬಂದ್ ಆಗತೈತಿ."

"ನಿಮ್ಮ ಗಿರಾಕಿಗಳನ್ನ ನೋಡಬೇಕ್ರಿ," ಎಂದಳು.

"ಅವರು... ದೂರದೂರ ಇರತಾರ್ರಿ."

"ಹೆಚ್ಚು ಯಾವ ಊರಾಗ ಅದಾರ?"

ಅವನು ತುಂಬ ಹೊತ್ತು ಕೈಯಲ್ಲಿದ್ದ ದಾರವನ್ನೇ ಸುತ್ತಿದ. "ಮೂಡಲಗಿಯೊಳಗ," ಎಂದ ಕೊನೆಗೆ, ಪಾಟೀಸವಾಲಿನಲ್ಲಿ ಸೋತವನಂತೆ.

"ಹಂಗಾರ ನಡೀರಿ. ಇವತ್ತ ಹೋಗೂಣು."

ಬೈಕು ಸೇತುವೆ ದಾಟಿ ಕಬ್ಬಿನ ಗದ್ದೆಗಳ ನಡುವೆ ಓಡತೊಡಗಿತು. ಕನ್ನಡಿಯಲ್ಲಿ ಅವನ ಕಣ್ಣು ಆಗಾಗ ಇವಳನ್ನು ಮುಟ್ಟಿ, ಸಿಕ್ಕಿಬಿದ್ದಾಗ ರಸ್ತೆಗೆ ಓಡಿಹೋಗುತ್ತಿತ್ತು.

"ರಸ್ತೆ ಮುಂದ ಐತ್ರಿ," ಎಂದಳು ಆಮ್ರಪಾಲಿ.

ಅವನ ಕಿವಿ ಕೆಂಪಾಯಿತು. ಸ್ವಲ್ಪ ದೂರ ಹೋದ ಮೇಲೆ ಅವನೇ ಕೇಳಿದ. "ಮಾರ್ಚ್ ಸಂಚಿಕೆಯೊಳಗ ಸತ್ತೆವ್ವ ಒಂದ ಸರ್ತೀನೂ ನಕ್ಕಿಲ್ಲರಿ. ಅವಾಗ ನಿಮಗೇನರ ಆಗಿತ್ತೇನು?"

ಫೆಬ್ರುವರಿಯಲ್ಲಿ ಆಮ್ರಪಾಲಿಯ ಅಜ್ಜಿ ತೀರಿಹೋಗಿದ್ದಳು. ಸತ್ತೆವ್ವ ಎಂಬುದು ಆ ಅಜ್ಜಿಯದೇ ಹೆಸರು. ಕಣ್ಣೀರು ಹಾಳೆಗೆ ಬೀಳದಂತೆ ಮುಖ ಆಚೆ ಮಾಡಿ ಬರೆದ ಮೂವತ್ತೆರಡು ಪುಟ. ಉದ್ದಪ್ಪನವರಿಗೆ ಗೊತ್ತಾಗಿರಲಿಲ್ಲ. ಹೆತ್ತವ್ವನೂ ಗಮನಿಸಿರಲಿಲ್ಲ.

"ನಮ್ಮ ಆಯಿ ಹೋದಳ್ರಿ," ಎಂದಳು. ಗಾಳಿಗೆ ಕೇಳಿಸಿತೋ ಇಲ್ಲವೋ. ಬೈಕಿನ ವೇಗ ಮಾತ್ರ ತಾನಾಗಿ ತಗ್ಗಿತು. ಆಕೆ ಕಣ್ಣು ಒರೆಸಿಕೊಳ್ಳುವವರೆಗೂ ಹಾಗೇ ನಿಧಾನವಾಗಿ ಸಾಗಿತು.

ಮೂಡಲಗಿಯಲ್ಲಿ ಅವನು ಒಂದು ಮನೆಯ ಮುಂದೆ ನಿಲ್ಲಿಸಿದ. ಒಳಗಿನಿಂದ ವಯಸ್ಸಾದ ಹೆಂಗಸೊಬ್ಬಳು ಬಂದಳು. ಅವನ ಸೋದರತ್ತೆ ಸಾವಂತ್ರೆವ್ವ.

"ಬಂದೇನೋ ಸೋಮ್ಯಾ? ಮತ್ತ ರದ್ದಿ ತಂದೀಯೇನು? ಮಂಚದ ಬುಡಕ ಜಾಗಾ ಇಲ್ಲ ನೋಡು."

ಆಮ್ರಪಾಲಿ ಒಳಗೆ ನೋಡಿದಳು. ಮಂಚದ ಕೆಳಗೆ, ಹುರಿಯಿಂದ ಕಟ್ಟಿದ ಕಟ್ಟುಗಳು. ಒಂದನ್ನೂ ಬಿಚ್ಚಿರಲಿಲ್ಲ. ಎಲ್ಲದರ ಮೇಲೂ ಸತ್ತೆವ್ವ ಸ್ಟೀರಿಂಗ್ ಹಿಡಿದು ಕುಳಿತಿದ್ದಳು.

ಅವಳು ಸೋಮಶೇಖರನತ್ತ ತಿರುಗಿದಳು.

"ಖರೇ ಎಷ್ಟು ಹೋಗತಾವ್ರಿ?"

"ಎಂಟು. ಒಂದೊಂದು ತಿಂಗಳು ಒಂಬತ್ತು."

"ನಿಮ್ಮದನ್ನ ಹಿಡದು?"

"ಹಿಡದು."

ಸಾವಂತ್ರೆವ್ವ ಇಬ್ಬರ ಮುಖವನ್ನೂ ನೋಡಿ, ಚಹಾ ಇಡುವ ನೆಪದಲ್ಲಿ ಒಳಗೆ ಸರಿದಳು.

"ನಾ ಓದಾಕಂತ ಒಂದ ತಗೋತಿದ್ದೆ," ಎಂದ ಸೋಮಶೇಖರ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು. "ಮಾರಾಟ ಆಗದ ಕಾಮಿಕ್ಸ್ ನಿಲ್ಲಿಸತೇವಿ ಅಂತ ಪತ್ರ ಬಂತು. ಆ ತಿಂಗಳು ನನ್ನ ರೊಕ್ಕಾ ಕಟ್ಟಿ ಹತ್ತು ಇಟಗೊಂಡೆ. ಆಮ್ಯಾಲೆ ಇಪ್ಪತ್ತು. ಮನಸ್ಸು ತಡೀಲಿಲ್ಲರಿ. ನಿಮ್ಮ ಪುಸ್ತಕ ನಿಲ್ಲಬಾರದಿತ್ತು, ಅಷ್ಟ."

"ಯಾಕ ನಿಲ್ಲಬಾರದಿತ್ತು?"

"ತಿಂಗಳಿಗೊಮ್ಮೆ ನೀವು ಹೆಂಗದೀರಂತ ಗೊತ್ತಾಗತಿತ್ತು."

ಆ ಮಾತು ನೇರ ಎದೆಗೆ ಬಂದು ತಾಗಿತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

"ನನಗ ಭಿಕ್ಷಾ ಹಾಕೀರಿ ನೀವು! ಉದ್ದಪ್ಪ ಸರ್ ನಿಮ್ಮ ತೊಂಬತ್ತು ನಂಬಿ ಸೋಮವಾರ ಮಾಲೀಕರಿಗೆ ಹೇಳಿ ಎಲ್ಲಾ ಊರಿಗೂ ಹೆಚ್ಚಿಗಿ ಕಳಸಾಕ ಹೊಂಟಾರ. ನಾಳೆ ಅವೆಲ್ಲಾ ಮರಳಿ ಬಂದ್ರ ಅವರ ನೌಕರಿ ಹೋಗತೈತಿ."

"ಅದು ನನಗ ಹೊಳೀಲಿಲ್ಲರಿ. ಖರೇ ಹೇಳಿದ್ರ ಸೋಮವಾರನ ಬಂದ್ ಮಾಡತಾರ."

"ಮಾಡಲಿ," ಎಂದಳು. ಚಹಾ ಬರುವ ಮೊದಲೇ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಳು. ಅವನು ಹಿಂದೆ ಬರಲಿಲ್ಲ. ಬರಲಿಲ್ಲವೆಂದೂ ಸಿಟ್ಟು ಬಂತು.

ಸೋಮವಾರ ಬೆಳಗಾವಿಯ ಕಚೇರಿಯಲ್ಲಿ ಆಮ್ರಪಾಲಿ ಎಲ್ಲವನ್ನೂ ಹೇಳಿದಳು. ಉದ್ದಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದ ಮಾತ ಕೇಳತೇನಿ, ಬ್ಯಾಸರ ಆಗಬ್ಯಾಡ. ನೀನ ಹೇಳಿ ಮಾಡಿಸಿದ್ದೇನು?"

ಹನ್ನೆರಡು ತಿಂಗಳ ಸುಳ್ಳು ಲೆಕ್ಕದಿಂದ ಉಳಿದದ್ದು ತನ್ನ ಪುಸ್ತಕವೇ. ಅಲ್ಲವೆಂದರೆ ಯಾರು ನಂಬುತ್ತಾರೆ?

"ಆಕಿಗೆ ಗೊತ್ತಿರಲಿಲ್ಲರಿ."

ಬಾಗಿಲಲ್ಲಿ ಸೋಮಶೇಖರ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬೋಳಿಸಿದ ಗಡ್ಡ. "ನಾ ಸೋಮಶೇಖರ, ಗೋಕಾಕ ಏಜೆಂಟ. ಮೊನ್ನಿತನಕ ಆಕಿ ಮಾರಿ ನೋಡಿರಲಿಲ್ಲ. ತಪ್ಪು ನಂದು."

"ಇದನ್ನ ಹೇಳಿದ್ರ ನಮ್ಮ ಪುಸ್ತಕದ ಏಜೆನ್ಸಿ ನಿನ್ನ ಕೈಯಾಗ ಉಳಿಯೂದಿಲ್ಲ, ಗೊತ್ತೈತಿಲ್ಲೋ?"

"ಗೊತ್ತಿದ್ದ ಬಂದೇನ್ರಿ."

ಉದ್ದಪ್ಪನವರು ಒಳಕೋಣೆಗೆ ಹೋದರು. ಗೋಡೆಯಾಚೆ ಮಾಲೀಕರ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅರ್ಧ ಗಂಟೆಯ ನಂತರ ತೀರ್ಪು ಬಂತು. ಏಜೆನ್ಸಿ ಹೋಯಿತು. 'ಟ್ರ್ಯಾಕ್ಟರ್ ಸತ್ತೆವ್ವ' ಅಂದೇ ನಿಂತಿತು, ಕೊನೆಯ ಸಂಚಿಕೆಯೂ ಇಲ್ಲದೆ. ಉದ್ದಪ್ಪನವರು ಒಂದನ್ನು ಮಾತ್ರ ಗೆದ್ದುಕೊಂಡು ಬಂದಿದ್ದರು. ಮಾಲೀಕರು ಹಕ್ಕು ಬಿಟ್ಟು ಬರೆದುಕೊಟ್ಟ ಹಾಳೆಯನ್ನು ಆಮ್ರಪಾಲಿಯ ಕೈಗಿಟ್ಟರು. "ಸತ್ತೆವ್ವ ಇನ್ನ ನಿನ್ನಾಕಿ. ಎಲ್ಲಿ ಬೇಕಾದರೂ ಛಾಪಿಸು."

ಹೊರಗೆ ಬಿಸಿಲು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು.

"ಯಾಕ ಬಂದ್ರಿ?" ಕೇಳಿದಳು.

"ನಿಮ್ಮನ್ನ ಸುಳ್ಳಿ ಅಂತಾರಂತ ಹೊಳೀತು. ಮೂರು ರಾತ್ರಿ ನಿದ್ದಿ ಬರಲಿಲ್ಲ."

"ನಾ ಇನ್ನೂ ಸಿಟ್ಟಾಗೇನಿ."

"ಆಗ್ರಿ. ಘಟಪ್ರಭಾತನಕ ಇಬ್ಬರ ದಾರೀನೂ ಒಂದ ಐತಿ. ಸಿಟ್ಟಿನ್ಯಾಗ ಬಾಜೂಕ ಕುಂದರಬಹುದಲ್ರಿ?"

ಆಕೆ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಮುಖವನ್ನು ಹೊರಗೆ ತಿರುಗಿಸಿದಳು. ನಗು ಬಂದದ್ದು ಅವನಿಗೆ ಕಾಣಬಾರದಿತ್ತು. ಘಟಪ್ರಭಾದಲ್ಲಿ ಇಳಿಯುವಾಗ ಹೇಳಿದಳು: "ಆ ಕಟ್ಟು ರದ್ದಿಗೆ ಹಾಕಬ್ಯಾಡ್ರಿ. ಮಾರೂಣು. ಖರೇ ಮಂದಿಗೆ."

ಮೂಡಲಗಿ ಸಂತೆಯ ದಿನ ಬೆಲ್ಲದವರ ಮತ್ತು ಬಳೆಗಾರರ ನಡುವೆ ಅವರು ಗೋಣಿತಾಟು ಹಾಸಿ ಕುಳಿತರು. ಮಧ್ಯಾಹ್ನದವರೆಗೆ ಒಂದೂ ಹೋಗಲಿಲ್ಲ. ಮಕ್ಕಳು ಬಂದು ನೋಡಿ ಓಡಿದರು. ಸೋಮಶೇಖರ ಜೇಬಿಗೆ ಕೈ ಹಾಕುವುದನ್ನು ಕಂಡು ಆಮ್ರಪಾಲಿ, "ನೀವು ತಗೊಂಡ್ರ ನೋಡ್ರಿ ಮತ್ತ!" ಎಂದು ಗದರಿದಳು.

"ಕರವಸ್ತ್ರ ತಗಿಯಾಕತ್ತೇನ್ರಿ," ಎಂದ ಅವನು, ಬೆವರು ಒರೆಸಿಕೊಳ್ಳುತ್ತ.

ಆಗಲೇ ಕೌಜಲಗಿ ಕಡೆಯ ಮುದುಕಿಯೊಬ್ಬಳು ನಿಂತಳು. ಯಮನವ್ವ ಎಂದು ಆಮೇಲೆ ಗೊತ್ತಾಯಿತು. ಮುಖಪುಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇಕಿ ಯಾರವ್ವಾ? ನನ್ನಂಗ ಕಚ್ಚಿ ಹಾಕಿ ಸೀರಿ ಉಟ್ಟಾಳ! ಟ್ಯಾಕ್ಟರ್ ಹೊಡಿತಾಳೇನು? ನನಗ ಓದಾಕ ಬರೂದಿಲ್ಲ. ನೀ ಓದು."

ಆಮ್ರಪಾಲಿ ಓದಿದಳು. ಮೊದಲು ಮೆಲ್ಲಗೆ, ಆಮೇಲೆ ಸತ್ತೆವ್ವನ ಗಡಸು ದನಿಯಲ್ಲೇ. ಬಳೆಗಾರ್ತಿ ತಿರುಗಿದಳು. ಕಾಯಿಪಲ್ಲೆ ಮಾರುವವರು ತಕ್ಕಡಿ ಬಿಟ್ಟು ಬಂದರು. ಕಳ್ಳ ಕಬ್ಬಿನ ಗದ್ದೆಯಲ್ಲಿ ಸಿಕ್ಕಿಬಿದ್ದಾಗ ಯಮನವ್ವ ತೊಡೆ ತಟ್ಟಿ ನಕ್ಕಳು. "ಒಂದ ಕೊಡು. ಮನಿಯೊಳಗ ಮೊಮ್ಮಗಳು ಓದತಾಳ, ನಾ ಕೇಳತೇನಿ."

ಸಂಜೆಗೆ ಹನ್ನೊಂದು ಪ್ರತಿ ಹೋಗಿದ್ದವು. ದೊಡ್ಡ ಸಂಖ್ಯೆಯೇನಲ್ಲ. ಹೊಸ ಸಂಚಿಕೆ ಛಾಪಿಸಲು ಇನ್ನೆಷ್ಟು ಸಂತೆ ಬೇಕೋ, ಅಲ್ಲಿಯವರೆಗೆ ಸತ್ತೆವ್ವ ಉಳಿಯುತ್ತಾಳೋ, ಇಬ್ಬರಿಗೂ ಗೊತ್ತಿರಲಿಲ್ಲ.

ಗೋಣಿತಾಟು ಮಡಚುತ್ತ ಸೋಮಶೇಖರ ಮೆಲ್ಲಗೆ ಅಂದ. "ಒಂದ ಮಾತ ಕೇಳಲೇನ್ರಿ?"

"ಕೇಳಬ್ಯಾಡ್ರಿ. ಕೇಳಿದ್ರ ನಾ ಹೂಂ ಅಂತೇನಿ." ಆಕೆ ತಾಟಿನ ಇನ್ನೊಂದು ತುದಿ ಹಿಡಿದಳು. "ನಮ್ಮ ಮನ್ಯಾಗ ಬುದ್ಧನ ಫೋಟೋ ಐತಿ, ನಿಮ್ಮ ಮನ್ಯಾಗ ಬಸವಣ್ಣಂದು. ಫೋಟೋದಾಗಿನ ಇಬ್ಬರೂ ಏನೂ ಅನ್ನೂದಿಲ್ಲ. ನಿಮ್ಮ ಅವ್ವಾರು ಏನಂತಾರ?"

"ಮೊನ್ನೆ ಹೇಳೇನ್ರಿ. ಮಾತ ಬಿಟ್ಟಾಳ."

"ನನ್ನ ಕೇಳೂಕ್ಕಿಂತ ಮೊದಲ ಅವರಿಗೆ ಹೇಳಿದ್ರಿ?"

"ಅಲ್ಲೇ ಹೆಚ್ಚು ಹೆದರಿಕಿ ಇತ್ತು. ಅದನ್ನ ಮೊದಲ ಮುಗಸೂಣು ಅಂದ್ಕೊಂಡೆ."

ಆಕೆ ನಕ್ಕಳು. ಈ ಸಲ ಮುಖ ತಿರುಗಿಸಲಿಲ್ಲ. ಅವನು ಬೇಕಾದಷ್ಟು ನೋಡಲಿ ಎಂದು ನಿಂತೇ ಇದ್ದಳು.

"ರವಿವಾರ ಹುಕ್ಕೇರಿಗೆ ಬರ್ರಿ. ಅಪ್ಪ ಮನ್ಯಾಗ ಇರತಾನ."

"ಅವರೇನಂತಾರ?"

"ಗೊತ್ತಿಲ್ಲರಿ. ಹೆದರಿಕಿ ಆಗತೈತೇನು?"

"ಆಗತೈತಿ."

"ನನಗೂ," ಎಂದಳು ಆಮ್ರಪಾಲಿ. ತಾಟನ್ನು ಬಿಟ್ಟು, ಇಡೀ ಸಂತೆ ನೋಡುತ್ತಿರುವಂತೆಯೇ, ಅವನ ಕೈ ಹಿಡಿದುಕೊಂಡಳು.