ಬೇಲಿಯ ಮೇಲಿನ ಎರಡು ಬಳ್ಳಿ

ಮೈಲಾರವ್ವ ನಸುಕಿನಲ್ಲಿ ನೀರು ತಂದು ಕೊಡ ಇಳಿಸುವಷ್ಟರಲ್ಲಿ ಹಿತ್ತಲ ಬೇಲಿಯ ಮಧುನಾಶಿನಿ ಬಳ್ಳಿ ಇರಲಿಲ್ಲ. ಯಾರೋ ಬುಡಕ್ಕೆ ಕೊಯ್ದು ಹೊತ್ತೊಯ್ದಿದ್ದರು. ರಾಜಮಾಬಿಯ ಹಿಂದೆ ಸಿದ್ದರಾಮ ಓಡಿ ಬಂದಾಗ ಮೋಟಿನಿಂದ ಹಾಲು ಇನ್ನೂ ಜಿನುಗುತ್ತಿತ್ತು.

ರಾಜಮಾಬಿ ಪೊಲೀಸು ಹವಾಲ್ದಾರಳಾಗಿ ನಿವೃತ್ತಳಾಗಿ ತನ್ನೂರು ತಂಬೂರಿಗೆ ಮರಳಿದವಳು. ಅವಳ ಠಾಣೆಯ ಜೀಪು ಓಡಿಸುತ್ತಿದ್ದ ಸಿದ್ದರಾಮನೂ ಅದೇ ಊರವನು. ಊರಲ್ಲಿ ಕೋಳಿ ಕಳೆದರೂ ಜನ ಮೊದಲು ಬರುತ್ತಿದ್ದುದು ಅವಳ ಕಟ್ಟೆಗೆ.

ಸಕ್ಕರೆ ಕಾಯಿಲೆಗೆ ಮದ್ದಾಗುವ ಆ ಬಳ್ಳಿಯನ್ನು ನಂಬಿಯೇ ಊರ ಹೆಂಗಸರು ಸಂಘ ಕಟ್ಟಿದ್ದರು. ಸಸಿಮಡಿ ಇಟ್ಟಿದ್ದ ಕಿರಣಕುಮಾರ ಅದರ ಕಡ್ಡಿಗಳನ್ನು ಒಯ್ದು, ಬೇರು ಬರಿಸಿದೆನೆಂದು ಎಲ್ಲರ ಹೊಲಕ್ಕೂ ಸಸಿ ಕೊಟ್ಟಿದ್ದ. ಆದರೆ ಈ ಸಲದ ಎಲೆಯಲ್ಲಿ ಮದ್ದು ಸಾಲದೆಂದು ಔಷಧ ಕಾರ್ಖಾನೆ ಚೀಲಗಳನ್ನು ತಿರುಗಿಸಿತ್ತು. ತಾಯಿಬಳ್ಳಿಯ ಎಲೆಯನ್ನೂ ಹೊಲದ ಎಲೆಯನ್ನೂ ಹೋಲಿಸಿ ನೋಡಲು ಕಾರ್ಖಾನೆಯ ವಿಜ್ಞಾನಿ ಮರುದಿನ ಬರುವವರಿದ್ದರು.

"ಆಕೀನ ಕಡದಾಳ," ಅಂದಳು ಸಂಘದ ಅಧ್ಯಕ್ಷೆ ಸುವರ್ಣಾ, ಮೈಲಾರವ್ವನತ್ತ ಕೈಮಾಡಿ. "ಮೊದಲ ಸಲ ಎಲ್ಲಿಂದೋ ತಂದ ಎಲಿ ತೋರಿಸಿ ನಮ್ಮನ್ನ ನಂಬಿಸ್ಯಾಳ. ನಾಳೆ ಬಣ್ಣ ಬಯಲಾಗತಿತ್ತು. ಸಂಜಿಗೆ ಸಭಾ ಕೂಡಸ್ತೀನಿ, ಸಂಘದಾಗ ಆಕಿ ಇರೂದಿಲ್ಲ."

"ನನ್ನ ಕೈಲೆ ಹಚ್ಚಿದ ಬಳ್ಳಿ ನಾನ ಕಡೀಲೇನ ಬೇ?" ಮೈಲಾರವ್ವ ಮೋಟಿನ ಮುಂದೆ ಬಂದು ನಿಂತಳು.

ಅಷ್ಟರಲ್ಲಿ ಚಹಾದಂಗಡಿಯ ಯುನೂಸ್ ಕಿಟ್ಲಿ ಹಿಡಿದು ಬಂದ. ಜನರ ನಡುವೆ ನಿಂತಿದ್ದ ಕಿರಣಕುಮಾರ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಲೇ ಯುನೂಸ್, ಸಕ್ರಿ ಹಾಕೂದ ಮರತಿ ಏನು?"

"ನಿಮ್ಮ ಮಾವನ ಮನಿಯಾಗಿನ ಚಾ ಅಲ್ರಿ ಇದು," ಅಂದ ಯುನೂಸ್. ಸಿದ್ದರಾಮನ ಕಪ್ಪಿನ ಚಹಾ ತುಟಿಗೆ ಅಂಟುವಷ್ಟು ಸಿಹಿಯಿತ್ತು. ಓದಿದವರ ನಾಲಿಗೆಯೇ ಬೇರೆ ಎಂದುಕೊಂಡು ಅವನು ಕಪ್ಪು ಖಾಲಿ ಮಾಡಿದ.

ರಾಜಮಾಬಿ ಬೇಲಿ ನೋಡುತ್ತಿದ್ದಳು. ಮೋಟಿನ ಬಾಜು ಅಂಥದೇ ಇನ್ನೊಂದು ಬಳ್ಳಿ ನೆಟ್ಟಗೆ ನಿಂತಿತ್ತು.

"ಅದು ಅಡವ್ಯಾಗಿಂದ ತಂದು ಹಚ್ಚಿದ್ದ್ರಿ," ಅಂದಳು ಮೈಲಾರವ್ವ. "ಜಾತಿ ಒಂದ, ಕಸುವಿಲ್ಲ. ನೋಡಿದ್ರ ಗೊತ್ತಾಗೂದಿಲ್ಲ, ಎಲಿ ಅಗದ ನೋಡಬೇಕು. ನಾ ಹಚ್ಚಾಕಿ, ನನಗ ಜಾಗಾ ಗೊತ್ತು."

ರಾಜಮಾಬಿ ಸುವರ್ಣಾಳ ಹೊಲಕ್ಕೆ ನಡೆದಳು. ಸೆರಗಿನಲ್ಲಿ ಬೆಲ್ಲವಿತ್ತು. ಒಂದು ಗಿಡದ ಎಲೆಯನ್ನು ಸಿದ್ದರಾಮನಿಂದ ಅಗಿಸಿ ಬೆಲ್ಲ ತಿನ್ನಿಸಿದಳು. ಸಿಹಿಯಾಗಿತ್ತು. ಪಕ್ಕದ ಗಿಡದ ಎಲೆ ಅಗಿದ ಮೇಲೆ ಅದೇ ಬೆಲ್ಲ ಮಣ್ಣು ತಿಂದಂತಾಯಿತು; ನಾಲಿಗೆಯ ಸಿಹಿ ಕೊಲ್ಲುವುದೇ ಆ ಎಲೆಯ ಕಸುವು.

"ಒಂದ ಸಾಲು, ಒಂದ ಮಣ್ಣು, ಒಂದ ನೀರು," ಅಂದಳು ರಾಜಮಾಬಿ. ಕಸುವಿಲ್ಲದ ಗಿಡವನ್ನು ಕಿತ್ತಳು. ಬೇರು ಮೂಲಂಗಿಯಂತೆ ನೆಟ್ಟಗೆ ಇಳಿದಿತ್ತು. ಅವಳ ಮೂಗಿನ ಹೊಳ್ಳೆಗಳು ಅರಳಿದವು. ಹಿಂದೆ ಠಾಣೆಯಲ್ಲಿ ಹಾಗಾದಾಗ ಸಾಹೇಬರೂ ದೂರ ಸರಿಯುತ್ತಿದ್ದುದು ಸಿದ್ದರಾಮನಿಗೆ ನೆನಪಾಯಿತು.

ಸಂಜೆ ಮೈಲಾರವ್ವನ ಅಂಗಳದಲ್ಲಿ ಸಭೆ ಕೂಡಿತು.

"ಕಿರಣಕುಮಾರ, ನೀ ಓದಿದಾವ. ಕಡ್ಡಿ ಸಸಿಗೂ ಬೀಜದ ಸಸಿಗೂ ಏನ್ ಫರಕು, ಹೇಳು," ಅಂದಳು ರಾಜಮಾಬಿ.

ಅವನು ಗಂಟಲು ಸರಿಮಾಡಿಕೊಂಡ. "ಕಡ್ಡಿಯೊಳಗ ತಾಯಿ ವಂಶವಾಹಿಗಳ ಇರತಾವ್ರಿ. ಬೀಜದಾಗ ಬ್ಯಾರೆ ಬಳ್ಳಿದೂ ಕಲತಿರತಾವು. ಮದ್ದಿನ ಅಂಶ ಒಂದರಾಗ ಹೆಚ್ಚು, ಒಂದರಾಗ ಕಡಿಮಿ."

"ಒಂದ ಹೊಟ್ಟ್ಯಾಗ ಹುಟ್ಟಿದವರ ಗುಣ ಬ್ಯಾರೆ ಆದಂಗ. ಹಂಗಾದ್ರ ಒಂದ ತಾಯಿ ಕಡ್ಡಿ ನೆಟ್ಟ ಸಾಲಿನ್ಯಾಗ ಗಿಡಕ್ಕೊಂದು ಗುಣ ಹೆಂಗ ಬಂತು? ಕಡ್ಡೀಗೆ ತುದಿಯಿಂದ ಗೊಂಚಲ ಬೇರು ಬರತಾವು. ಇದಕ್ಕ ತಾಯಿಬೇರು ಎಲ್ಲಿಂದ ಬಂತು?" ಕಿತ್ತ ಗಿಡವನ್ನು ಅವನ ಕಾಲಬಳಿ ಎಸೆದಳು. "ಬೀಜದ ಸಸಿ ಇವು. ಆಕಿ ಕೊಟ್ಟ ಕಡ್ಡಿ ಏನ್ ಮಾಡಿದಿ?"

"ಮಳ್ಯಾಗ ಕೊಳತೂರಿ," ಅಂದ ಅವನು ಮೆಲ್ಲಗೆ. "ಆದ್ರ ಬಳ್ಳಿ ನಾ ಕಡದಿಲ್ಲ."

"ಹೋಲಿಸಿ ನೋಡಿದ್ರ ಸಿಕ್ಕೊಳ್ಳಾಂವ ನೀನ. ಅಡವಿ ಬಳ್ಳಿ ಉಳಿಸಿದ್ಯಾಕ? ನಾಳೆ ಅದ ತಾಯಿ ಅಂತ ತೋರಿಸಿ, ತಾಯೀಗೇ ಕಸುವಿಲ್ಲ ಅನಿಸಾಕ. ಆದ್ರ ನಸಿಕಿನ್ಯಾಗ ಎರಡೂ ಒಂದ ಥರ. ಮೈಲಾರವ್ವಗ ಎಲಿ ಅಗದು ನೋಡೂದು ಬೇಕಿಲ್ಲ. ಕಡಿಯಾಕ ಬಂದಾಂವಗ ಬೇಕು. ಅಗದ, ಬೆಲ್ಲ ನೆಕ್ಕಿ ನೋಡಿದ, ಕೊಯ್ದ." ರಾಜಮಾಬಿ ಯುನೂಸನತ್ತ ತಿರುಗಿದಳು. "ಮುಂಜಾನಿ ನಿನ್ನ ಚಾ ಸಪ್ಪಗಿತ್ತು ಅಂದವರು ಎಷ್ಟ್ ಮಂದಿ?"

"ಇವರೊಬ್ಬರರಿ."

ಯುನೂಸ್ ಕಿರಣಕುಮಾರನತ್ತ ಬೆರಳು ಮಾಡಿದ. ಕಿರಣಕುಮಾರ ಬಗ್ಗಿ ಮೈಲಾರವ್ವನ ಕಾಲು ಹಿಡಿಯಲು ಹೋದ. ಅವಳು ಕಾಲು ಹಿಂದೆಳೆದುಕೊಂಡಳು.

ಸುವರ್ಣಾ ಎದ್ದು ಬಂದು ಬೆಲ್ಲದ ಚೂರು ಮುಂದೆ ಹಿಡಿದಳು. "ತಪ್ಪಾತವಾ. ಬಾಯಿ ಸಿಹಿ ಮಾಡ್ಕೊ."

"ಬೇರು ಐತಿ, ಬಳ್ಳಿ ಚಿಗೀತೈತಿ," ಅಂದಳು ಮೈಲಾರವ್ವ. "ಆ ಎಲಿ ಕಸುವು ತಾಸಿನ್ಯಾಗ ಇಳೀತೈತಿ. ನೀವು ಮುಂಜಾನಿ ಆಡಿದ್ದು ಇಳಿಯೂದಿಲ್ಲ."

ಬೆಲ್ಲವನ್ನು ಅವಳು ಮುಟ್ಟಲಿಲ್ಲ. ಕೊಡ ಎತ್ತಿಕೊಂಡು ಮೋಟಿಗೆ ನೀರು ಹಾಕಲು ಹಿತ್ತಲಿಗೆ ಹೋದಳು.