ನೂರಾ ಎಂಬತ್ತನೆಯ ಪುಟ

“ಏ, ಏ, ಚಾಕು ಯಾಕ? ಹೊಲಿಗಿ ಹಾಕು ಅಂದ್ರ ಪುಸ್ತಕಾನ ಕೊಲ್ಲಾಕ ಹೊಂಟಿಯಲ್ಲ!”

“ಕೊಲ್ಲಾಕತ್ತಿಲ್ರಿ. ಈ ಹಾಳಿ ಇನ್ನೂ ಹುಟ್ಟೇ ಇಲ್ಲ.”

ಶಬನಂ ಮಡಿಕೆಯೊಳಗೆ ಚಾಕು ಇಳಿಸಿ ಮೆಲ್ಲಗೆ ಎಳೆದಳು. ಮೇಲಂಚಿನಲ್ಲಿ ಕೂಡಿಕೊಂಡಿದ್ದ ಹಾಳೆಗಳು ಒಂದೊಂದಾಗಿ ಬಿಟ್ಟವು. ಪ್ರೆಸ್ಸಿನಲ್ಲಿ ಹದಿನಾರು ಪುಟಗಳನ್ನು ಒಂದು ಫಾರಂ ಮಾಡಿ ಮಡಚುತ್ತಾರೆ. ಅಂಚು ಕತ್ತರಿಸುವಾಗ ಒಮ್ಮೊಮ್ಮೆ ಒಂದು ಫಾರಂ ತಪ್ಪಿಸಿಕೊಳ್ಳುತ್ತದೆ. ಬಿಡಿಸದ ಹೊರತು ಅದರೊಳಗೆ ಯಾರ ಕಣ್ಣೂ ಹೋಗದು.

ಖಾಜಾ ಕಟ್ಟೆಯ ಮೇಲೆ ಕೂತು ಅವಳ ಬೆರಳುಗಳನ್ನೇ ನೋಡುತ್ತಿದ್ದ. ನೋಡುವುದು ಗೊತ್ತಾದಾಗ ಅವಳ ಬೆರಳು ನಿಧಾನವಾಗುತ್ತಿದ್ದವು. ಅದು ಅವನಿಗೂ ಗೊತ್ತಾಗುತ್ತಿತ್ತು.

ಬಳ್ಳಾರಿ ಕೌಲ್ ಬಜಾರಿನ ಆ ಬೈಂಡಿಂಗ್ ಅಂಗಡಿ ಅವಳ ಅಬ್ಬಾನದು. ಅಬ್ಬಾ ಸಂಜೆಯ ಅಸರ್ ನಮಾಜಿಗೆ ಹೋಗುವ ಅರ್ಧ ಗಂಟೆಯಲ್ಲೇ ಖಾಜಾ ಬರುತ್ತಿದ್ದ, ಎಂಟು ತಿಂಗಳಿಂದ. ಕೈಯಲ್ಲೊಂದು ಪುಸ್ತಕ, ಕಾಲರಿನಲ್ಲಿ ಅದಿರಿನ ಕೆಂಪು. ಕುಡತಿನಿ ರಸ್ತೆಯ ಯಾರ್ಡಿನಲ್ಲಿ ಲಾರಿಗಳ ತೂಕ ಬರೆಯುವುದು ಅವನ ಕೆಲಸ. ಭಾನುವಾರ ಬಂತೆಂದರೆ ಫೇಸ್‌ಬುಕ್ಕಿನಲ್ಲಿ ಒಂದು ಪುಸ್ತಕದ ಫೋಟೋ, ಪಕ್ಕದಲ್ಲಿ ಚಹಾದ ಲೋಟ, ಕೆಳಗೆ ನಾಲ್ಕು ಸಾಲು. ಬಳ್ಳಾರಿಯ ಹುಡುಗರೆಲ್ಲ ಹೊಸ ಕಾರಿಗೆ ಒರಗಿ ಫೋಟೋ ಹಾಕುತ್ತಿದ್ದ ವರ್ಷ ಅದು. ಕುರುಗೋಡಿನ ಮನೆಯಿಂದ ಅಂಗಡಿಗೆ ಬರುವ ಬಸ್ಸಿನ ಕಿಟಕಿ ಪಕ್ಕ ಕೂತು ಶಬನಂ ಆ ನಾಲ್ಕು ಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದಳು.

“ಶುಕ್ರವಾರ ನಮ್ಮ ಅಮ್ಮಿ ಬರ್ತಾಳ,” ಅಂದ ಖಾಜಾ, ಮೈದಾ ಅಂಟಿನ ಡಬ್ಬಿ ನೋಡುತ್ತಾ. “ನಿಮ್ಮ ಅಬ್ಬಾನ ಕೂಡ ಮಾತಾಡಾಕ.”

“ಏನಂತ ಮಾತು?”

“ರಟ್ಟಿನ ರೇಟು ಭಾಳ ಆತು ಅಂತ.”

ಅವಳ ನಗು ದುಪಟ್ಟಾದ ಅಂಚಿನಲ್ಲಿ ಅಡಗಿತು. ಕಣ್ಣು ಅಡಗಲಿಲ್ಲ. ನಗುತ್ತಲೇ ಹಾಳೆ ತಿರುವಿದಳು. ಪುಟದ ಅಂಕಿ ಕಂಡು ಕೈ ನಿಂತಿತು.

“ಇದು ಎಷ್ಟನೇ ಪುಟ ಐತಿ, ಓದ್ರಿ.”

“ನೂರಾ ಎಂಬತ್ತು. ಯಾಕ?”

ಮೂರು ತಿಂಗಳ ಹಿಂದೆ ಅವನು ಬರೆದದ್ದನ್ನು ಅವಳು ಒಂದಕ್ಷರ ಬಿಡದೆ ಹೇಳಿದಳು. “‘ನೂರಾ ಎಂಬತ್ತನೆಯ ಪುಟದಲ್ಲಿ ಪುಸ್ತಕ ಮುಚ್ಚಿ ಅಂಗಳಕ್ಕೆ ಬಂದು ನಿಂತೆ. ಕಣ್ಣೊರೆಸಿಕೊಂಡು ಮತ್ತೆ ತೆರೆದೆ.’ ಈ ಪುಟ ತೆರದಾಕಿ ನಾನು, ಈಗ.”

ಖಾಜಾ ಕಟ್ಟೆಯಿಂದ ಇಳಿದ. ನಗಲು ನೋಡಿದ. “ಎಲ್ಲಾರೂ ಹಂಗ ಮಾಡ್ತಾರ ಬಿಡು. ಹಿಂದಿನ ರಟ್ಟು ಓದಿ ನಾಕು ಸಾಲು ಬರದ್ರ ಆತು.”

ಅವಳು ಪುಸ್ತಕವನ್ನು ಮೊದಲಿನಿಂದ ತಿರುವುತ್ತ ಬಂದಳು. ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಹೆಬ್ಬೆರಳಿನ ಕೆಂಪು ಗುರುತು. ಇಪ್ಪತ್ತೆರಡನೆಯ ಪುಟದಲ್ಲಿ ಅದು ಗುರುತಾಗಿರಲಿಲ್ಲ, ಅರ್ಧ ಪುಟದವರೆಗೆ ಎಳೆದ ಗೆರೆಯಾಗಿತ್ತು. ಅಲ್ಲಿಂದಾಚೆ ಹಾಳೆಗಳೆಲ್ಲ ಬಿಳಿ.

“ನೀವು ಮೊದ್ಲು ತಂದ ಪುಸ್ತಕ ಹೊಲಿದಾಕಿ ನಾನ,” ಅಂದಳು. “ಕಡೇ ಪುಟದ ತನಕ ನಿಮ್ಮ ಹೆಬ್ಬೆಟ್ಟಿತ್ತು. ಮಣ್ಣಾಗ ದುಡಿದು ಬಂದು ಇಷ್ಟು ಓದ್ತಾರಲ್ಲ ಅಂತ, ಅದನ್ನ ನೋಡೇ ನಾ...” ಬಿಳಿ ಹಾಳೆ ತೋರಿಸಿದಳು. “ಇದರಾಗ ಯಾಕ ನಿಂತಿತು?”

ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

“ದಾದಾಪೀರ್ ಗೊತ್ತಲ್ಲ ನಿನಗ. ಹಚ್ಚೊಳ್ಳಿಯಿಂದ ಇಬ್ರೂ ಒಂದ ಬಸ್ಸಿಗೆ ಬಂದು ಯಾರ್ಡಿಗೆ ಸೇರಿದ್ವಿ.”

“ಮೂರು ತಿಂಗಳ ಹಿಂದ ಲಾರಿ ಕೆಳಗ ಸಿಕ್ಕು ಹೋದ್ನಲ್ಲ? ಕುಡಿದಿದ್ದ ಅಂತಿದ್ರು.”

“ಒಂದು ಹನಿ ಮುಟ್ಟಿದಾವಲ್ಲ.” ಅಂದ ಖಾಜಾ. “ಲಾರಿ ರಿವರ್ಸ್ ಬರೋವಾಗ ಅಂವ ಹಿಂದ ನಿಂತು ಕೈ ತೋರಸ್ತಿದ್ದ. ತೂಕದ ಕೋಣಿ ಕಿಟಕಿಯಾಗಿಂದ ನೋಡಿ ಸೀಟಿ ಊದೋದು ನನ್ನ ಕೆಲಸ. ಆವತ್ತು ಊದ್ಲಿಲ್ಲ.”

“ಯಾಕ?”

ಅವನು ಇಪ್ಪತ್ತೆರಡನೆಯ ಪುಟದ ಮೇಲೆ ಬೆರಳಿಟ್ಟ.

ಅಂಟಿನ ಡಬ್ಬಿಯ ಮೇಲೆ ಕೆನೆ ಕಟ್ಟುತ್ತಿತ್ತು.

“ಎದ್ದು ಓಡೋವಾಗ ಪುಸ್ತಕ ಬಿದ್ದು ಬೆನ್ನು ಬಿಟ್ಟಿತು,” ಅಂದ. “ಆವತ್ತಿಂದ ಯಾವ ಪುಸ್ತಕ ತಗೊಂಡ್ರೂ ಎರಡು ಪುಟ ದಾಟಾಕ ಆಗವಲ್ದು.”

“ಮತ್ತ ಭಾನುವಾರಕ್ಕೊಮ್ಮೆ ಯಾಕ ಹಾಕ್ತೀರಿ?”

“ಬಿಟ್ರ ಯಾಕ ಬಿಟ್ಟಿ ಅಂತ ಕೇಳ್ತಾರ. ಖರೇ ಹೇಳ್ಲಾ? ಮೊದ್ಲು ಮಂದಿ ನೋಡ್ಲಿ ಅಂತ ಹಾಕ್ತಿದ್ದೆ. ಲಾರಿ ತೂಕ ಬರಿಯಾವನ್ನ ಯಾರು ನೋಡ್ತಾರ? ಪುಸ್ತಕ ಹಿಡಿದ್ರ ಸರ್ ಅಂತಾರ. ನೀನೂ ನೋಡ್ಲಿ ಅಂತ. ಈಗ ನಾ ನೋಡಾಕ ಹಾಕ್ತೀನಿ. ಆ ಫೋಟೋದಾಗ ಇರಾವ ಇನ್ನೂ ಓದ್ತಾನ, ಶಬನಂ. ಅವನ ಕೈಯಾಗ ಏನೂ ಆಗಿಲ್ಲ.”

ಅವಳಿಗೆ ಅವನ ಕೂದಲಿನ ಕೆಂಪು ಧೂಳನ್ನು ಒರೆಸಬೇಕೆನಿಸಿತು. ಕೈ ಎತ್ತಿದಳು. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು.

“ಕುಡಿದಿದ್ದ ಅಂತ ಯಾರು ಹೇಳಿದ್ರು?”

“ಸೂಪರ್‌ವೈಸರು ರಿಪೋರ್ಟಿನಾಗ ಬರದ್ರು. ಸಾಕ್ಷಿ ಅಂತ ಕೆಳಗ ನಾ ಸಹಿ ಹಾಕೀನಿ.”

ಅವಳ ಕೈ ಕೆಳಗಿಳಿಯಿತು.

“ಹಬ್ಬಕ್ಕ ಊರಿಗೆ ಹೋಗಿದ್ದೆ,” ಅವನು ಈಗ ನಿಲ್ಲಿಸಲಾರದವನಂತೆ ಹೇಳುತ್ತಿದ್ದ. “ಅವನ ಅಮ್ಮಿ, ಸುಗ್ರಾಬಿ ಖಾಲಾ, ಕೈ ಹಿಡಕೊಂಡ್ಲು. ಈಗ ಯಾರ ಮನಿ ಮದುವಿಗೂ ಹೋಗೋದಿಲ್ಲಂತ. ಕುಡುಕನ ತಾಯಿ ಅಂತಾರ. ‘ನೀ ಓದಿದಾವ, ನೀ ಸುಳ್ಳು ಹೇಳೋದಿಲ್ಲ. ನನ್ನ ಮಗ ಖರೇನ ಕುಡೀತಿದ್ನೇನಪ್ಪಾ?’ ಅಂತ ಕೇಳಿದ್ಲು.”

“ನೀ ಏನಂದಿ?” ‘ರಿ’ ಬಿಟ್ಟುಹೋದದ್ದು ಇಬ್ಬರಿಗೂ ಕೇಳಿಸಿತು.

“ಹೂಂ ಅಂದೆ.”

ಶಬನಂ ಪುಸ್ತಕವನ್ನು ಮುಚ್ಚಿ ಇಬ್ಬರ ನಡುವೆ ಇಟ್ಟಳು. ಫೇಸ್‌ಬುಕ್ಕಿನಲ್ಲಿ ಇದೇ ಪುಸ್ತಕದ ಫೋಟೋದ ಕೆಳಗೆ ಅವಳೇ ಒಂದು ಗುಲಾಬಿಯ ಚಿತ್ರ ಹಾಕಿದ್ದಳು. ಗೆಳತಿಯರಿಗೆಲ್ಲ ತೋರಿಸಿ, ನೋಡ್ರೇ ಹೆಂಗ ಬರೀತಾರ ಅಂದಿದ್ದಳು. ಮಣ್ಣು ಮಾಡಿ ಮೂರು ದಿನವೂ ಆಗಿರದಿದ್ದ ದಾದಾಪೀರನ ಮೇಲೆ ಆ ಗುಲಾಬಿ ಬಿದ್ದಿತ್ತು.

ನಮಾಜು ಮುಗಿಸಿದ ಜನ ಬೀದಿಯಲ್ಲಿ ಬರತೊಡಗಿದ್ದರು. ಅವಳು ಮೊದಲ ಸಲ, ಅಂಗಡಿಯ ಬಾಗಿಲು ತೆರೆದಿರುವಾಗಲೇ, ಅವನ ಮಣಿಕಟ್ಟು ಹಿಡಿದಳು.

“ಕೇಳು ಖಾಜಾ. ಶುಕ್ರವಾರ ನಿಮ್ಮ ಅಮ್ಮಿ ಬರ್ಲಿ. ನಾ ಹೂಂ ಅಂತೀನಿ. ಅಬ್ಬಾ ಬ್ಯಾಡ ಅಂದ್ರೂ ನಿನ್ನ ಕಡೇನ ನಿಂದರ್ತೀನಿ. ನೀ ಓದದಿದ್ರೂ ನಡೀತೈತಿ. ನಾ ಓದಿ ಹೇಳ್ತೀನಿ, ಇಪ್ಪತ್ಮೂರನೇ ಪುಟದಿಂದ. ಆದ್ರ ನಾಳೆ ಮುಂಜಾನೆ ಸಿರುಗುಪ್ಪ ಬಸ್ಸು ಹತ್ತೋಣು. ಅಲ್ಲಿಂದ ಹಚ್ಚೊಳ್ಳಿ. ಸುಗ್ರಾಬಿ ಖಾಲಾನ ಬಾಗ್ಲದಾಗ ನಿನ್ನ ಬಾಜು ನಾ ಇರ್ತೀನಿ. ನೀ ಒಂದ ಮಾತು ಹೇಳು, ಅಂವ ಕುಡಿದಿರಲಿಲ್ಲ ಅಂತ.”

ಅವನ ಕಣ್ಣು ತುಂಬಿದವು. ಅವಳ ಬೆರಳ ಕೆಳಗೆ ನಾಡಿ ಓಡುತ್ತಿತ್ತು. ಈಗ ಹೂಂ ಅಂತಾನೆ ಅಂದುಕೊಂಡಳು.

ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನು ಇನ್ನೊಂದು ಕೈಯಿಂದ ಅದನ್ನು ತೆಗೆದ. ಪರದೆಯ ಬೆಳಕಿನಲ್ಲಿ ಯಾರೋ ಕೇಳಿದ್ದರು: ಈ ವಾರ ಯಾವ ಪುಸ್ತಕ, ಸರ್?

ಅದನ್ನು ಎರಡು ಸಲ ಓದಿದ. ಮಣಿಕಟ್ಟು ಬಿಡಿಸಿಕೊಂಡ.

“ಹಚ್ಚೊಳ್ಳಿಗೆ ಬರಾಕ ನಾ ಒಲ್ಲೆ,” ಅಂದ.